ಹನ್ನೊಂದು ಡೆಸಿಬಲ್

ನಿಟ್ಟೂರಿನ ಬ್ಯಾಂಕಿನ ಮಾಡಿನ ಮೇಲೆ
ಆಗ್ನೇಯಕ್ಕೆ ಮುಖವೆತ್ತಿದ ತಟ್ಟೆ.
ರಿಪ್ಪನ್‌ಪೇಟೆಯಿಂದ ಬೈಕಲ್ಲಿ ನೆನೆದು ಬಂದ ನಾನು,
ಏಣಿ ಹಿಡಿದು ನಿಂತ ಜವಾನ ದ್ಯಾವಪ್ಪ.

ಊರಿಗಿದು ಪುನರ್ವಸು.
ನನ್ನ ಮೀಟರಿಗೆ
ಹನ್ನೊಂದು ಡೆಸಿಬಲ್ ನಷ್ಟ.

ಬೋಲ್ಟು ಬಿಗಿದೆ, ಕೇಬಲ್ ಒರೆಸಿದೆ,
ತಪ್ಪು ನನ್ನದೇ ಎಂಬಂತೆ, ಎರಡೆರಡು ಸಲ.
ಮೂವತ್ತಾರು ಸಾವಿರ ಕಿಲೋಮೀಟರು
ಯಾರ ತಂಟೆಯೂ ಇಲ್ಲದೆ ಬಂದದ್ದು
ಕೊನೆಯ ಐದರಲ್ಲಿ
ಹನಿಹನಿಗೂ ಸುಂಕ ಕಟ್ಟಿ
ಬರಿಗೈಯಲ್ಲಿ ಇಳಿಯುತ್ತದೆ.

ಒಳಗೆ ಕೌಂಟರಿನ ಮುಂದೆ ಕೆರಿಯಮ್ಮ
ಹೆಬ್ಬೆಟ್ಟು ಗಾಜಿನ ಮೇಲಿಟ್ಟೇ ನಿಂತಿದ್ದಾಳೆ,
ತೆಗೆದರೆ ಪಿಂಚಣಿ ಹೋದೀತೆಂದು.
ಪರದೆಯಲ್ಲಿ ಚಕ್ರ ತಿರುಗುತ್ತಲೇ ಇದೆ.

ಬಿಡಿಸಿ ಹೇಳಿದೆ:
ಮೇಲೊಂದು ಉಪಗ್ರಹ, ನಡುವೆ ಈ ಮಳೆ.
"ಅಷ್ಟು ದೂರದಿಂದ ಬರ್ಬೇಕಾ?" ಎಂದಳು.
"ಹಂಗಾರೆ ಯಾರದೋ ಜಗಲಿ ಹತ್ತಿ ನಿಂತಿರ್ತದೆ.
ಹೊಳವಾದ್ಮೇಲೆ ಬರ್ತದೆ, ಬಿಡು."

ನನ್ನ ದೂರು ಪುಸ್ತಕದಲ್ಲಿ
ಕಾರಣಕ್ಕೆಂದು ಇರುವ ಜಾಗ ಎರಡೇ ಅಂಗುಲ.
ಪುನರ್ವಸು ಎಂದು ಬರೆದೆ.
ಆಫೀಸಿನವರು ನಕ್ಕಾರೆಂದು ಹೊಡೆದುಹಾಕಿದೆ.
ಹೊರಗೆ ಇನ್ನೂ ಸುರಿಯುತ್ತಿತ್ತು;
ಅದನ್ನೇ ಮತ್ತೆ ಬರೆದೆ.