ಸೀಟಿ

ಆಯನೂರು ದಾಟಿ
ಸೀಟಿ ಊದಿ ಬಾಯಿಂದ ತೆಗೆದರೆ
ಸ್ಟೀಲಿನ ತುದಿಗೆ ಕೆಂಪು.
ಎಲೆಯಡಿಕೆ ನಾನು ಹಾಕುವುದಿಲ್ಲ.
ಖಾಕಿ ತೋಳಿಗೆ ಒರೆಸಿಕೊಂಡು
‘ಸೂಡೂರು ಗೇಟ್ ಯಾರ್ರೀ’ ಅಂದೆ.
ಕೂಗಲಿಕ್ಕೆ ತೊಂದರೆಯಿಲ್ಲ,
ಊದಲಿಕ್ಕೇ.

ದುರ್ಗಿಗುಡಿಯ ಹಲ್ಲಿನ ಡಾಕ್ಟರು ತಸ್ನೀಮ್
ಕನ್ನಡಿಕಡ್ಡಿ ಬಾಯೊಳಗಿಟ್ಟು
ಮೊದಲು ಕೇಳಿದ್ದು ಹಲ್ಲಿನ ಮಾತಲ್ಲ:
‘ಮುಟ್ಟು ನಿಂತು ಎಷ್ಟಾಯ್ತು, ನಾಗವೇಣಿಯವರೇ?’
ತೆರೆದ ಬಾಯಿ ತೆರೆದೇ ಇತ್ತು.
ಬೆರಳು ಎತ್ತಿದೆ, ಎಂಟು.
ತಿಂಗಳೋ ವರ್ಷವೋ ಅವರೇ ತಿಳಿದುಕೊಳ್ಳಲಿ.

ಇಪ್ಪತ್ತೆರಡು ವರ್ಷ ಚಿಲ್ಲರೆ ತಪ್ಪದವಳು
ಈ ಲೆಕ್ಕ ಯಾರಿಗೂ ಒಪ್ಪಿಸಿರಲಿಲ್ಲ.
ಡಿಪೋದಲ್ಲಿ ಬ್ಯಾಗು ಮಗುಚಿ ರೂಪಾಯಿ ರೂಪಾಯಿ ಎಣಿಸುತ್ತಾರೆ,
ಒಳಗಿನ ಸೋರಿಕೆಗೆ ಕೌಂಟರಿಲ್ಲ.

ಹಾರ್ಮೋನು ಏರಿದರೂ ಇಳಿದರೂ
ಒಸಡಿಗೂ ಸುದ್ದಿ ಹೋಗುತ್ತದಂತೆ.
ಬರೀ ಹೊಟ್ಟೆಯಲ್ಲಲ್ಲ, ಅಲ್ಲೂ ಅದಕ್ಕೆ ಜಾಗ ಹಿಡಿದಿಟ್ಟಿದೆಯಂತೆ.
ನಾನು ಅಂದುಕೊಂಡೆ:
ನಮ್ಮ ಬಸ್ಸಿನ ಮುಂದಿನ ಸೀಟುಗಳ ಹಾಗೆ,
ಮೇಲೆ ಬರೆದಿದೆ, ಓದುವವರಿಲ್ಲ.

ಆಗ ನೆನಪಾಯಿತು, ಗುಲಗಂಜಿ.

ಮಗಳು ಹೊಟ್ಟೆಯಲ್ಲಿ ಐದು ತಿಂಗಳು.
ಮುಂದಿನ ಎರಡು ಹಲ್ಲಿನ ಸಂದಿಯಲ್ಲಿ
ಕೆಂಪಗೆ ಒಂದು ಕಾಳು.
ಮುಟ್ಟಿದರೆ ರಕ್ತ. ವಾರಕ್ಕೊಂದು ಸುತ್ತು ದೊಡ್ಡದು.
ಗಂಡ ಟಾರ್ಚು ಹಿಡಿದು ನೋಡಿ, ಟಾರ್ಚು ಆರಿಸಿ,
ರಾತ್ರಿಯಿಡೀ ಮಾತಾಡಲಿಲ್ಲ;
ಬೆಳಿಗ್ಗೆ ಎದ್ದು
ಟ್ರಂಕಿನಲ್ಲಿ ವಿಮೆ ಕಾಗದ ಹುಡುಕುತ್ತಿದ್ದ.
ಅತ್ತೆ ಅಂದರು, ಉಷ್ಣ, ಪುನರ್ಪುಳಿ ಕುಡಿ.
ಅವ್ವ ಅಂದಳು,
‘ಒಂದು ಹೆತ್ರೆ ಒಂದು ಹಲ್ಲು ಹೋಗ್ತದೆ ಕಣೆ,
ಕೂಸು ಒಳಗಿದ್ದದ್ದಕ್ಕೆ ಬಾಡಿಗೆ.’
ಏಳು ಹೆತ್ತವಳು ಅವಳು.
ನಗು ಬಂದರೆ ಸೆರಗು ಮೊದಲು ಬಾಯಿಗೆ ಬರುತ್ತಿತ್ತು.

ನೋವಿಗೆ ಹೆದರಿ ನಾನು ಬ್ರಶ್ಶನ್ನೇ ಬಿಟ್ಟೆ,
ಬಿಟ್ಟದ್ದೇ ತಪ್ಪು ಎಂದು ಇವತ್ತು ಬೈಸಿಕೊಂಡೆ.
ಹೆರಿಗೆಯಾದ ಮೇಲೆ ಅದು ಕುಗ್ಗಿ ಕುಗ್ಗಿ
ಒಂದು ಮಧ್ಯಾಹ್ನ, ಮೆಣಸಿನ ಸಾರನ್ನ ಉಣ್ಣುವಾಗ,
ನಾಲಗೆ ಹುಡುಕಿತು. ಇಲ್ಲ.
ತೊಡೆಯ ಮೇಲೆ ಮಗಳು, ಬಾಯಲ್ಲಿ ಖಾಲಿ.
ಅದೇಕೋ ಅತ್ತೆ.

‘ಅದು ಬಸುರಿನ ಗಂಟು,’ ಅಂದರು ಡಾಕ್ಟರು,
ಕೈಗವಸು ಕಳಚುತ್ತಾ, ‘ಪಾಪದ್ದು. ಏನೂ ಮಾಡೋದಿಲ್ಲ.’
ಹತ್ತೊಂಬತ್ತು ವರ್ಷ ತಡವಾಗಿ ಬಂದ ಬಸ್ಸಿನ ಹಾಗೆ
ಆ ಹೆಸರು ನನ್ನೆದುರು ನಿಂತಿತು.
ಹತ್ತುವವಳು ಯಾವಾಗಲೋ ನಡೆದು ಹೋಗಿದ್ದಳು.

ಈಗಿನದು ಬೇರೆ. ಉಬ್ಬುವುದಲ್ಲ, ಬತ್ತುವುದು.
ಬಾಯಿ ಒಣಗುತ್ತದೆ, ಒಸಡು ಹಿಂದೆ ಸರಿಯುತ್ತದೆ,
ಏಪ್ರಿಲ್ಲಿನಲ್ಲಿ ತುಂಗೆ ಇಳಿದು
ಹೊಳೆ ನಡುವಿನ ಮಂಟಪದ ಬುಡ ಕಾಣುವ ಹಾಗೆ.
ಮೆತ್ತನೆ ಬ್ರಶ್ಶು, ಎರಡು ಹೊತ್ತು,
ಆರು ತಿಂಗಳಿಗೊಮ್ಮೆ ಕ್ಲೀನಿಂಗು.
ಬರೆದ ಚೀಟಿ ಬ್ಯಾಗಿನಲ್ಲಿ,
ಹತ್ತರ ನೋಟುಗಳ ಜೊತೆ.

ರಿಪ್ಪನ್‌ಪೇಟೆಯಲ್ಲಿ ಹತ್ತಿದ ಹುಡುಗಿಗೆ ತುಂಬು ಹೊಟ್ಟೆ.
ಕಿಟಕಿಯಿಂದ ಉಗುಳಿ, ತುಟಿ ಒರೆಸಿ,
ಕರವಸ್ತ್ರ ಬೇಗ ಮಡಿಚಿದಳು.
ಎಷ್ಟು ಬೇಗ ಮಡಿಚಿದರೂ
ನನಗೆ ಬಣ್ಣ ಕಂಡಿತ್ತು.
ಸೊನ್ನೆ ಟಿಕೆಟ್ಟು ಹರಿದು
ಹಿಂದೆ ನಂಬರು ಬರೆದೆ.
‘ಹಲ್ಲಿನ ಡಾಕ್ಟ್ರಾ? ನಂಗೆ ಹಲ್ಲುನೋವಿಲ್ಲಕ್ಕಾ.’
‘ಗೊತ್ತು. ಆದ್ರೂ ತೋರ್ಸು.’

ಬಟ್ಟೆಮಲ್ಲಪ್ಪದ ತಿರುವು ಬಂತು.
ಸೀಟಿ ಕೊರಳಲ್ಲೇ ಬಿಟ್ಟು
ಅಂಗೈಯಲ್ಲಿ ತಗಡು ಬಡಿದೆ, ಎರಡು ಸಲ.
ಡ್ರೈವರಿಗೆ ಅದೂ ಅರ್ಥವಾಗುತ್ತದೆ.