ಮೂರನೇ ಪಾಳಿ

ಚೀಟಿಯ ಹಿಂಬದಿಯಲ್ಲಿ ಡಾಕ್ಟರು
ಒಂದು ಚೌಕ ಬರೆದು, ಪಕ್ಕಕ್ಕೊಂದು ಸೊನ್ನೆ ಸುತ್ತಿ,
ಕೆಳಕ್ಕೆ ಗೆರೆ ಇಳಿಸಿ ಕೇಳಿದರು:
‘ನಿಮ್ಮ ಕಡೆ ಯಾರಿಗಾದರೂ ಇತ್ತಾ,
ನಿದ್ದೆಯಲ್ಲಿ ಎದ್ದು ನಡೆಯೋದು?’

ಇತ್ತು.
ಅಪ್ಪ ಕಾಟನ್ ಮಿಲ್ಲಿನ ಸ್ಪಿನ್ನಿಂಗ್ ಖಾತೆ, ಮೂರನೇ ಪಾಳಿ.
ಮಿಲ್ಲು ಮುಚ್ಚಿ, ಚಿಮಣಿಯ ಬಿರುಕಿನಲ್ಲಿ ಅರಳಿ ಚಿಗುರಿದ ಮೇಲೂ
ಹನ್ನೊಂದೂವರೆಗೆ ಚಾಪೆ ಬಿಟ್ಟೇಳುತ್ತಿದ್ದ.
ಬರಿಗೈಗೆ ಬುತ್ತಿಯ ಭಾರ ಕೊಟ್ಟುಕೊಂಡು
ಅಶೋಕ ರಸ್ತೆಯ ರೈಲ್ವೆ ಗೇಟಿನ ತನಕ ನಡೆದು
ಗೇಟು ಹಾಕಿದ್ದರೆ ನಿಲ್ಲುತ್ತಿದ್ದ,
ಗೂಡ್ಸಿನ ಕೊನೆಯ ಡಬ್ಬಿ ಹೋಗುವವರೆಗೂ.
ಅಷ್ಟು ವಿಧೇಯ ನಿದ್ದೆ.
ಎಚ್ಚರಿದ್ದವರು ಸೈಕಲ್ ಬಗ್ಗಿಸಿ ತೂರಿಹೋಗುತ್ತಿದ್ದರು.

ಹತ್ತು ಹೆಜ್ಜೆ ಹಿಂದೆ ಅವ್ವ,
ಅವಳ ಸೆರಗು ಹಿಡಿದು ನಾನು.
‘ಎಬ್ಬಿಸಬ್ಯಾಡ ದುಗ್ಗೀ,
ಜೀವ ಬ್ಯಾರೆ ಕಡಿಗೆ ಹೋಗಿರ್ತೈತಿ. ತಾನಾಗೇ ತಿರುಗ್ತಾನೆ.’
ಆನಗೋಡಿನಲ್ಲಿ ಅವನಪ್ಪನೂ ಹೀಗೇ ಅಂತೆ,
ನಡುರಾತ್ರಿ ಹಗ್ಗವಿಲ್ಲದೆ ನೀರು ಸೇದಿ
ಮಾರಿಹೋದ ಎತ್ತುಗಳಿಗೆ ಕುಡಿಸುತ್ತಿದ್ದನಂತೆ.

ನಾನು ನಡೆದವಳಲ್ಲ.
ಮಲಗಿದರೆ ರುಬ್ಬುಗುಂಡು ಅಂತ ಗಂಡ ನಗುತ್ತಾನೆ.
ಈಗ ನೋಡಿದರೆ ಮಗ, ಒಂಬತ್ತು ವರ್ಷದ ಇಂದುಧರ,
ಮಿಲ್ಲು ಕಂಡಿಲ್ಲ, ತಾತನನ್ನೂ ಕಂಡಿಲ್ಲ,
ಕೆಟಿಜೆ ನಗರದ ಬಾಡಿಗೆ ಮನೆಯ ಅಗಳಿ ಸರಿಸಿ
ಮೆಟ್ಟಿಲಿಳಿಯುತ್ತಾನೆ, ಒಂದೂ ತಪ್ಪದೆ.
ಬಲಗೈ ಮುಷ್ಟಿಯಲ್ಲಿ ಏನೋ ತೂಗುತ್ತಿರುತ್ತದೆ.
ಬುತ್ತಿ ಇರಲಾರದು.
ಶಾಲೆಯ ನೀರಿನ ಬಾಟಲಿ ಇದ್ದೀತು.

ಡಾಕ್ಟರು ನನ್ನ ಸೊನ್ನೆಯೊಳಗೆ ಒಂದು ಚುಕ್ಕೆ ಇಟ್ಟರು:
‘ನಿಮ್ಮಲ್ಲೂ ಇದ್ದೀತು, ಕಾಣಿಸಿಕೊಂಡಿಲ್ಲ ಅಷ್ಟೆ.’

ಹಾಗಾದರೆ ಅಪ್ಪ
ನನ್ನೊಳಗಿಂದಲೇ ಹಾದುಹೋದ,
ಚಪ್ಪಲಿ ಕೈಯಲ್ಲಿ ಹಿಡಿದು,
ಮಲಗಿದ ಮಗಳು ಏಳಬಾರದೆಂದು.

‘ದೊಡ್ಡವನಾದಂತೆ ಬಿಟ್ಟುಹೋಗಬಹುದು.
ಹೊತ್ತಿಗೆ ಸರಿಯಾಗಿ ಮಲಗಿಸಿ, ಅಗಳಿ ಮೇಲಕ್ಕೆ ಹಾಕಿಸಿ.’
ಹಾಕಿಸಿದೆ. ಬಡಗಿ ನಜೀರ್ ಸಾಬರು ನೂರು ರೂಪಾಯಿ ತಗೊಂಡು
ಕಾರಣ ಕೇಳಲಿಲ್ಲ.

ಆ ರಾತ್ರಿ ಎದ್ದ.
ಎಟುಕದ ಅಗಳಿಯ ಕೆಳಗೆ ಕೈ ಇಳಿಬಿಟ್ಟು ನಿಂತ,
ಅಳಲಿಲ್ಲ, ಬಾಗಿಲು ತಳ್ಳಲಿಲ್ಲ,
ಆ ಕಡೆ ಗೂಡ್ಸೊಂದು
ಹೋಗುತ್ತಲೇ ಇರುವ ಹಾಗೆ.

ನಾಲ್ಕು ಹೆಜ್ಜೆ ಹಿಂದೆ ನಾನು.
ಹತ್ತಕ್ಕೆ ಈ ಮನೆಯಲ್ಲಿ ಜಾಗವಿಲ್ಲ.