ಎಡಗಡೆಯ ಎರಡು

ಒಂದನೇ ತಾರೀಕಿನ ಮಧ್ಯರಾತ್ರಿಯಿಂದ
ಊರಿನ ಎಲ್ಲ ನಂಬರಿನ ಮುಂದೆ ಒಂದು ಎರಡು.
ಟೆಲಿಫೋನಿನವರು ಪೇಪರಿನಲ್ಲಿ ಹಾಕಿಸಿದ್ದು ಮೂರೇ ಸಾಲು,
ಮೂರು ಸಾಲಿಗೆ ನನಗೆ ಮೂರು ತಿಂಗಳ ಕೆಲಸ.

ಒಂದು ಎರಡಕ್ಕೆ ಹತ್ತು ರೂಪಾಯಿ,
ಏಣಿ ಹತ್ತಬೇಕಾದರೆ ಹದಿನೈದು.
ಹಂಪನಕಟ್ಟೆಯಿಂದ ಸುರು ಮಾಡಿದೆ:
ಟರ್ಪೆಂಟೈನಿನ ಡಬ್ಬಿ, ಆರನೇ ನಂಬರಿನ ಬ್ರಶ್ಶು,
ಹೆಗಲಿಗೆ ಏಣಿ, ಏಣಿಯ ಎರಡು ತುದಿಗೂ ಬಸ್ಸಿನವರ ಬೈಗುಳ.

ಜಾಗ ಇರಲಿಲ್ಲ. ಅದೇ ತೊಂದರೆ.
ಬೋರ್ಡು ಬರೆಯುವವ ಮೊದಲು ಕಲಿಯುವುದು ಅಕ್ಷರ ಅಲ್ಲ, ಅಂಚು;
ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ.
ಆರು ಅಂಕಿಯನ್ನು ಅಳೆದು ನಡುವಲ್ಲಿ ಕೂರಿಸಿದ್ದು ನಾನೇ,
ಇನ್ನೊಬ್ಬ ಬರುತ್ತಾನೆಂದು ಯಾರು ಹೇಳಿದ್ದರು?
ಕೊನೆಯಲ್ಲಿ ಬಂದು ನಿಂತಿದ್ದರೆ
ಸ್ವಲ್ಪ ಒತ್ತಿ ನಿಲ್ಲಿ ಎನ್ನಬಹುದಿತ್ತು.
ಇವ ಬಂದವನೇ ಕ್ಯೂವಿನ ಮುಂದೆ.

ಸಂಜೀವ ಗಾಣಿಗರ ಟೈಲರ್ ಅಂಗಡಿಯಲ್ಲಿ
ಕತ್ತರಿಯ ಬಾಯೊಳಗೆ ಇಟ್ಟೆ.
ಬಂದರಿನ ಒಣಮೀನಿನ ಗೋದಾಮಿಗೆ
‘ಫೋ’ ಉಜ್ಜಿ ತೆಗೆದು ಅದರ ಮೇಲೆಯೇ ಬರೆದೆ.
ಮೀನಿನ ರೇಟೆಂದು ತಿಳಿದು ಯಾರೋ
ಅರ್ಧ ಗಂಟೆ ಚೌಕಾಸಿ ಮಾಡಿದರಂತೆ.

ಕನ್ನಡ ಅಂಕಿಯೇ ಆಗಬೇಕು ಎಂದರು
ಕೊಡಿಯಾಲಬೈಲಿನ ಪ್ರೆಸ್ಸಿನ ಮಾಸ್ಟ್ರು.
೨ರ ಬಾಲ ಕೆಳಗಿಳಿದು
‘ಲಗ್ನಪತ್ರಿಕೆ’ಯ ಲಕಾರದ ತಲೆಗೆ ತಾಗಿತು.
ತಾಗಲಿ, ಲಗ್ನ ಅಲ್ಲವೋ, ಎಂದರು.

ಡಾಕ್ಟ್ರು ಪದ್ಮಾವತಿ ಕಿಣಿಯವರದ್ದು ಹಿತ್ತಾಳೆ, ಕೊರೆದ ಅಂಕಿ.
ಇದಕ್ಕೆ ನನ್ನ ಬಣ್ಣ ನಿಲ್ಲುವುದಿಲ್ಲ ಅಮ್ಮ, ಎಂದೆ.
ಒಳಗಿನಿಂದ ಪ್ಲಾಸ್ಟರಿನ ಪಟ್ಟಿ ತಂದು ಅಂಟಿಸಿ
ಅದರ ಮೇಲೆ ಬರೆಸಿದರು.
ಮಳೆ ಬರುವ ತನಕ
ನಂಬರಿಗೆ ಹಣೆಯಲ್ಲಿ ಗಾಯ ಆದ ಹಾಗೆ ಇತ್ತು.

ಜೆಪ್ಪುವಿನ ಬೊನವೆಂಚರ್, ಶವಪೆಟ್ಟಿಗೆ ಮಾಡುವವರು,
ಬೇಡ ಮಾರಾಯ, ಎಂದರು.
ನನ್ನಲ್ಲಿಗೆ ಬರುವವರು
ಬಾಗಿಲು ತಟ್ಟಿಯೇ ಬರುವುದು.

ರಾತ್ರಿ ಮನೆಯಲ್ಲಿ ಬಾಯಿಪಾಠ.
ಆರು ಅಂಕಿ ಜೋಡಿ ಜೋಡಿಯಾಗಿ ನಾಲಿಗೆಯಿಂದ ಇಳಿಯುತ್ತಿತ್ತು,
ಮಗ್ಗಿಯ ಹಾಗೆ.
ಏಳು ಹಾಗಲ್ಲ,
ಒಂದೇ ಕಾಲಿಗೆ ಚಪ್ಪಲಿ ಹಾಕಿ ಅಂಗಳಕ್ಕೆ ಇಳಿದ ಹಾಗೆ.
ಚಂದು ಬೀಡಿಯ ಕಟ್ಟು ಎಣಿಸುತ್ತಾ ಕೂತಿದ್ದಳು.
ಎಲ್ಲರಿಗೂ ಎರಡೇ ಕೊಡುವುದಾದರೆ
ಕೊಟ್ಟದ್ದು ಯಾಕೆ, ಎಂದಳು,
ಎಣಿಕೆ ತಪ್ಪಿ, ಪುನಃ ಒಂದರಿಂದ ಹಿಡಿದಳು.

ಆಮೇಲೆ ನನಗೆ ನೆನಪಾದದ್ದು.
ನಾನು ಬರೆದ ಬೋರ್ಡುಗಳಲ್ಲೆಲ್ಲ, ಕೆಳಗಿನ ಬಲ ಮೂಲೆಯಲ್ಲಿ,
ಇರುವೆ ಸಾಲಿನಷ್ಟು ಸಣ್ಣಕ್ಕೆ
‘ಐತಪ್ಪ ಆರ್ಟ್ಸ್, ಬೋಳಾರ, ಪಿ.ಪಿ.’
ಅದರ ಮುಂದೆ ಆರು ಅಂಕಿ.
ನನ್ನದಲ್ಲ, ಪೊಡಿಯಬ್ಬನ ಸೋಡಾ ಅಂಗಡಿಯದ್ದು.
ಫೋನು ಬಂದರೆ ಅವನ ಹುಡುಗ
ರಸ್ತೆ ದಾಟಿ ಬಂದು ಕೂಗುತ್ತಾನೆ,
ನಾನು ಕೈ ಒರೆಸಿಕೊಂಡು ಓಡುತ್ತೇನೆ,
ಅಷ್ಟರಲ್ಲಿ ಅರ್ಧಕ್ಕರ್ಧ ಮಂದಿ ಇಟ್ಟಿರುತ್ತಾರೆ.

ಇದಕ್ಕೆ ಹತ್ತು ರೂಪಾಯಿ ಕೊಡುವವರು ಯಾರು?
ಏಣಿ ಇಟ್ಟಲ್ಲೆಲ್ಲ ಪುನಃ ಏಣಿ ಇಟ್ಟೆ, ಧರ್ಮಕ್ಕೆ.
ಅಲ್ಲಿಯೂ ಜಾಗ ಇರಲಿಲ್ಲ.
‘ಪಿ.ಪಿ.’ಯ ಒಂದು ಪಿ ತೆಗೆದೆ.

ಸರಿಯಾಯಿತೋ ನೋಡುವಾ ಎಂದು
ಕಂಕನಾಡಿಯ ಕಾಯಿನ್ ಬಾಕ್ಸಿಗೆ ಒಂದು ರೂಪಾಯಿ ಹಾಕಿ
ಎರಡು ಒತ್ತಿದೆ, ನಂತರ ಆ ಆರು.
ಗೋಲಿ ಒಳಗೆ ಬಿದ್ದ ಸದ್ದು, ಮತ್ತೆ ಪೊಡಿಯಬ್ಬನ ಸ್ವರ.
ಐತಪ್ಪ ಉಂಟಾ, ಕೇಳಿದೆ, ಗಂಟಲು ದಪ್ಪ ಮಾಡಿ.
ಅವ ಇಲ್ಲ,
ಎರಡು ಬರೆಯಲಿಕ್ಕೆ ಹೋಗಿದ್ದಾನೆ.
ಬಂದರೆ ಎಂತ ಹೇಳಬೇಕು?

ಏನೂ ತೋಚಲಿಲ್ಲ.
ಅವನೂ ಇಡಲಿಲ್ಲ.
ರೂಪಾಯಿ ಮುಗಿಯುವ ತನಕ
ಆ ಕಡೆಯಲ್ಲಿ ಬಾಟಲಿ ತೊಳೆಯುವ ನೀರು ಕೇಳಿಸುತ್ತಿತ್ತು.